ಅಪ್ಪನ ಮೊದಲ ಹುಟ್ಟುಹಬ್ಬ

ಸಿಸಿಮಿಯೂಟ್, ಗ್ರೀನ್‌ಲ್ಯಾಂಡ್
ಮಾರ್ಚ್ ೨೧, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಮಗಳೇ ಇವಾಲು,

ಹೇಗಿದ್ದೀಯ? ಗಂಟಲು ವಾಸಿಯಾಯಿತೇ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಒಡೆದದ್ದು ಶೀತಕ್ಕೋ ನನ್ನ ಮೇಲಿನ ಸಿಟ್ಟಿಗೋ ಗೊತ್ತಾಗಲಿಲ್ಲ. ಶೀತವೇ ಆಗಿದ್ದರೆ ಉಣ್ಣೆಯ ಒಳಂಗಿ ಹಾಕಿಕೋ. ಕೋಪನ್‌ಹೇಗನ್ನಿನ ಚಳಿಗೆ ನಮ್ಮ ಚಳಿಯ ಮರ್ಯಾದೆಯಿಲ್ಲ. ಎದುರು ನಿಂತು ಹೊಡೆಯುವುದಿಲ್ಲ, ಒದ್ದೆಯಾಗಿ ಹಿಂದಿನಿಂದ ನುಸುಳುತ್ತದೆ. ದೊಡ್ಡ ದೇಶಗಳ ಪ್ರತಿನಿಧಿಗಳ ಎದುರು ಕೂರುವಾಗ ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ಯಾರೂ ಮೇಜಿನ ಕೆಳಗೆ ಬಗ್ಗಿ ನೋಡುವುದಿಲ್ಲ. ಊಟ ಬಿಡಬೇಡ. ಪಕ್ಕದ ಮನೆಯ ಸಬೀನೆಯ ಕೈಯಲ್ಲಿ ಒಣಮೀನು ಕಳಿಸುತ್ತಿದ್ದೇನೆ. ಹೋಟೆಲಿನವರು ವಾಸನೆ ಎಂದು ಮುಖ ಸಿಂಡರಿಸಿದರೆ ಕಿಟಕಿ ತೆರೆದು ತಿನ್ನು, ನಾಚಬೇಡ.

ಅಪ್ಪ ಚೆನ್ನಾಗಿದ್ದಾನೆ. ಕುರ್ಚಿ ಹಿಡಿದು ನಿಲ್ಲುತ್ತಾನೆ. ಹಲ್ಲು ಬಂದ ಸಂಭ್ರಮಕ್ಕೆ ನನ್ನ ಕನ್ನಡಕದ ಕಡ್ಡಿಯನ್ನೇ ಕಡಿದಿಟ್ಟಿದ್ದಾನೆ. ಬೈಯೋಣವೆಂದರೆ ಬಾಯಿ ಬರುವುದಿಲ್ಲ. ನನ್ನ ಅಪ್ಪ ಇಮಿನಾ ತೀರಿಕೊಂಡ ಮರುವರ್ಷ ನಿನಗೆ ಹುಟ್ಟಿದ ಮಗನಿಗೆ ನಾವು ಅದೇ ಹೆಸರಿಟ್ಟೆವು. ಹೆಸರಿನ ಜೊತೆ ಮನುಷ್ಯನೂ ಮರಳಿ ಬಂದ. ಇನ್ನು ಅಪ್ಪನನ್ನು ಬೈಯುವುದು ಹೇಗೆ? ನೀನಾದರೂ “ಅಜ್ಜಾ, ಮತ್ತೆ ಚಡ್ಡಿ ಒದ್ದೆ ಮಾಡ್ಕೊಂಡ್ಯಾ?” ಎಂದು ಸಲಿಗೆಯಿಂದ ಗದರುತ್ತೀಯ, ನನಗೆ ಆ ಧೈರ್ಯವಿಲ್ಲ. ಹಳೆಯ ಅಪ್ಪನ ಹಾಗೆಯೇ ಹೌದು ಅನ್ನಲು ಹುಬ್ಬೇರಿಸುತ್ತಾನೆ, ಇಲ್ಲ ಅನ್ನಲು ಮೂಗು ಸುಕ್ಕಿಸುತ್ತಾನೆ. ಮಾತು ಬರುವ ಮೊದಲೇ ನಮ್ಮೂರಿನವನಾಗಿಬಿಟ್ಟಿದ್ದಾನೆ. ಪ್ರತಿ ಬೆಳಿಗ್ಗೆ ಬಾಗಿಲ ಕಡೆ ನೋಡುತ್ತಾನೆ. ನಿನ್ನನ್ನೇ ಹುಡುಕುವುದು ಎಂದು ನಾನು ತಿಳಿದುಕೊಂಡಿದ್ದೇನೆ.

ಫೋನಿನಲ್ಲಿ ಹೆಚ್ಚು ಹೇಳಬೇಡ, ಯಾರು ಯಾರು ಕೇಳಿಸಿಕೊಳ್ಳುತ್ತಾರೋ ಎಂದು ನೀನೇ ಹೇಳಿದೆ. ಅಲ್ಲದೆ ಫೋನಿನಲ್ಲಿ ನೀನು ನನ್ನ ವಾಕ್ಯ ಮುಗಿಯಲು ಬಿಡುವುದಿಲ್ಲ. ಸಬೀನೆಗೆ ಕಣ್ಣಿನ ಆಪರೇಷನ್ ಅಲ್ಲೇ ಆಗಬೇಕು, ಗಂಡ ಎನೋಕ್ ಅವಳನ್ನು ಕರೆದುಕೊಂಡು ಈ ಮಧ್ಯಾಹ್ನ ಹೊರಡುತ್ತಿದ್ದಾನೆ. ಅವನ ಕೋಟಿನ ಒಳಜೇಬಿನಲ್ಲಿ ಈ ಪತ್ರ ಬರುತ್ತದೆ. ಅದನ್ನು ಕದ್ದು ನೋಡಬೇಕಾದವರು ಮೊದಲು ಎನೋಕನ ಮೀನುವಾಸನೆಯನ್ನು ದಾಟಬೇಕು.

ಆ ದಿನ ಏನಾಯಿತೆಂದು ನೀನು ಈವರೆಗೆ ನನ್ನಿಂದ ಪೂರ್ತಿ ಕೇಳಿಲ್ಲ. ಹೇಳುತ್ತೇನೆ. ಅಪ್ಪನ ಮೊದಲ ಹುಟ್ಟುಹಬ್ಬದ ಕಾಫಿಮಿಕ್. ಬೆಳಿಗ್ಗೆಯಿಂದ ಕೇಕು, ತಿಮಿಂಗಿಲದ ತೊಗಲು, ಸೀಲ್ ಸಾರು, ಕುದಿಯುವ ಕಾಫಿ. ಬಾಗಿಲ ಬಳಿ ಬೂಟುಗಳ ಗುಡ್ಡ. ಒಂದು ಗುಂಪು ತಿಂದು ಏಳುವಷ್ಟರಲ್ಲಿ ಇನ್ನೊಂದು ಒಳಗೆ. ನಾವು ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ಬೇಡವೆನ್ನುವುದೂ ಇಲ್ಲ. ಬಾಗಿಲು ತೆರೆದಿದ್ದರೆ ಅದೇ ಕರೆ. ನನ್ನ ತಾಯಿಯ ಕಾಫಿಮಿಕ್‌ಗೆ ಹಿಮಗಾಳಿಗೆ ಸಿಕ್ಕ ಇಬ್ಬರು ನಾರ್ವೆಯ ನಾವಿಕರು ಬಂದು, ಹಬ್ಬ ಯಾರದ್ದೆಂದು ಕೇಳದೆ ತಿಂದು, ಅಲ್ಲೇ ಮಲಗಿ, ಎದ್ದು ಹೋದ ಕಥೆ ನಿನಗೆ ಗೊತ್ತಲ್ಲ. ಅಂಥ ಮನೆಯಲ್ಲಿ ಬೆಳೆದವಳು ನಾನು. ಮಧ್ಯಾಹ್ನ ಬಾಗಿಲಲ್ಲಿ ಮೂವರು ಅಮೆರಿಕನ್ನರು ನಿಂತರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಗೆಳೆತನದ ಸಂಘವೊಂದರಿಂದ ಬಂದಿದ್ದೇವೆ, ಊರು ನೋಡುತ್ತಿದ್ದೇವೆ, ಕಾಫಿಯ ಪರಿಮಳ ಎಳೆದುಕೊಂಡು ಬಂತು ಎಂದರು. ಹೊಚ್ಚ ಹೊಸ ಬೂಟುಗಳನ್ನು ಬಿಚ್ಚಿಟ್ಟರು. ಹೆಂಗಸಿನ ಕಾಲುಚೀಲ ತೂತಾಗಿತ್ತು. ಅದನ್ನು ನೋಡಿ ನನಗೆ ಅವಳ ಮೇಲೆ ಪ್ರೀತಿಯೇ ಬಂತು, ಸುಳ್ಳೇಕೆ ಹೇಳಲಿ.

ಡೀನ್ ಎಂದು ಹೆಸರು ಹೇಳಿಕೊಂಡ ಎತ್ತರದವನು ಮಾತಿನ ಮಲ್ಲ. ಎನೋಕನ ಪಕ್ಕ ಕೂತು “ಈ ಮನೆಯ ಸುತ್ತ ಎಷ್ಟು ಜಾಗ ಇವರದ್ದು?” ಎಂದು ಕೇಳಿದ. ನಾನು ಅನುವಾದಿಸಿದೆ. ಎನೋಕ್ ಸಾರಿನ ಬಟ್ಟಲಿನಿಂದ ತಲೆ ಎತ್ತದೆ, “ಮನೆ ನಿನ್ನದು, ನೆಲ ಯಾರದ್ದೂ ಅಲ್ಲ ಅಂತ ಹೇಳು. ಇಲ್ಲಿ ನೆಲ ಮಾರೋ ಹಾಗೂ ಇಲ್ಲ, ಕೊಳ್ಳೋ ಹಾಗೂ ಇಲ್ಲ” ಎಂದ. ಡೀನ್ ನಗುತ್ತಾ, “ಎಲ್ಲಕ್ಕೂ ಒಂದು ಬೆಲೆ ಇರತ್ತಲ್ಲ ಯಜಮಾನ್ರೇ” ಎಂದ. ಸಬೀನೆ ಸುಮ್ಮನಿರುತ್ತಾಳೆಯೇ? “ಹಾಗಾದ್ರೆ ಇವನಿಗೆ ಎಷ್ಟು ಕೊಡ್ತಾನಂತೆ ಕೇಳೇ ಬಿಬಿಯಾನೆ. ಮಂಡಿ ಹೋಗಿದೆ, ಗೊರಕೆ ಇದೆ, ಈಗ್ಲೇ ಹೇಳಿರ್ತೀನಿ, ವಾಪಸ್ ತಗೊಳಲ್ಲ” ಎಂದಳು. ಮನೆಯೆಲ್ಲ ನಕ್ಕಿತು. ಅವರೂ ನಕ್ಕರು. ಆ ನಗುವನ್ನೇ ಆಮೇಲೆ ನೀನು ನೋಡಿದ್ದು.

ಅಷ್ಟರಲ್ಲಿ ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ ಇತ್ತು. ನೆನಪಿಗೆ ಒಂದು ಎಂದ. ಹಬ್ಬದ ಮನೆಯಲ್ಲಿ ಎಲ್ಲರೂ ಪಟ ತೆಗೆಯುತ್ತಾರೆ, ನಾನು ಅಡ್ಡಿ ಹೇಳಲಿಲ್ಲ. ಡೀನ್ ಮಗುವಿಗೆ ಕೈ ಚಾಚಿದ. ಅಪ್ಪ ಯಾರ ತೊಡೆಗಾದರೂ ಹೋಗುತ್ತಾನೆ, ಹೋದ. “ಇವನು ನಿಮಗೆ ಏನಾಗಬೇಕು?” ಎಂದು ಡೀನ್ ಕೇಳಿದ. ನಾನು ಶಾಲೆಯಲ್ಲಿ ಇತಿಹಾಸದ ಜೊತೆ ಇಂಗ್ಲಿಷನ್ನೂ ಕಲಿಸಿದವಳು, ಅವನ ಭಾಷೆಯಲ್ಲೇ ಬಿಡಿಸಿ ಹೇಳಿದೆ. “ಇವನು ನನ್ನ ಅಪ್ಪ. ಉತ್ತರದಲ್ಲಿ ಉಮ್ಮನ್ನಾಕ್ ಅಂತ ಊರಿತ್ತು, ಅಲ್ಲಿಯವನು. ನಿಮ್ಮ ವಿಮಾನನೆಲೆಗೆ ಜಾಗ ಬೇಕು ಅಂತ ಅವನನ್ನ ಮನೆಯಿಂದ ಎಬ್ಬಿಸಿದ್ರು. ಸಾಯೋವರೆಗೂ ಆ ಊರಿನ ಬಾಗಿಲು ತೆರೆಯೋ ಕನಸು ಕಾಣ್ತಿದ್ದ. ಈಗ ವಾಪಸ್ ಬಂದಿದ್ದಾನೆ.” ಮೊದಲು ಅವನು ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂಬಂತೆ ನೋಡಿದ. ಹೆಸರಿನ ವಿಷಯ ವಿವರಿಸಿದ ಮೇಲೆ “ಎಂಥ ಅದ್ಭುತ ಕಥೆ!” ಎಂದ. ಕೊನೆಗೆ, “ನಮ್ಮ ದೇಶದ ಜೊತೆ ಸೇರಿದ್ರೆ ಈ ಮಗು ರಾಜನ ಹಾಗೆ ಬೆಳೆಯುತ್ತೆ, ಅಲ್ವಾ ಅಜ್ಜಿ?” ಎಂದು ಕೇಳಿದ. ಹಬ್ಬದ ದಿನ ಅತಿಥಿಯ ಮುಖಕ್ಕೆ ಹೊಡೆದಂತೆ ಮಾತಾಡಬಾರದೆಂದು ನಾನು ಬಾಯಿ ತೆರೆಯದೆ ಮೂಗು ಸುಕ್ಕಿಸಿದೆ. ಅವನು ಖುಷಿಯಿಂದ ನನ್ನ ಭುಜ ತಟ್ಟಿದ.

ಆಮೇಲಿನದು ನಿನಗೇ ಹೆಚ್ಚು ಗೊತ್ತು. ಲಕ್ಷಾಂತರ ಜನ ನೋಡಿದ ಆ ವಿಡಿಯೋ ತುಣುಕಿನಲ್ಲಿ ನಾನು ಕಾಫಿ ಬಗ್ಗಿಸುತ್ತಿದ್ದೇನೆ, ಎನೋಕ್ ನಗುತ್ತಿದ್ದಾನೆ, ನಿನ್ನ ಮಗ ಡೀನನ ತೊಡೆಯ ಮೇಲೆ ಕೇಕು ಮೆತ್ತಿಕೊಂಡಿದ್ದಾನೆ, ನಾನು ಮೂಗು ಸುಕ್ಕಿಸಿ ನಾಚಿದಂತೆ ಕಾಣುತ್ತೇನೆ. ನಾನು ಹೇಳಿದ ಒಂದು ಮಾತೂ ಇಲ್ಲ, ಮೇಲೆ ಸಂಗೀತ ಹಾಕಿದ್ದಾರೆ. ಕೆಳಗೆ ಬರೆದದ್ದು: “ಇಲ್ಲಿನ ಜನ ನಮಗಾಗಿ ಕಾದಿದ್ದಾರೆ. ಇವರ ದನಿಯನ್ನು ನಾಯಕರು ಮುಚ್ಚಿಡುತ್ತಿದ್ದಾರೆ.” ನಮ್ಮೂರಲ್ಲಿ ಯಾರೂ ನನ್ನ ಮೇಲೆ ಮುನಿಯಲಿಲ್ಲ. ಮೀನಂಗಡಿಯಲ್ಲಿ ಒಬ್ಬಳು “ನಿನ್ನ ಮೂಗು ನೋಡಿದ್ವಿ ಬಿಡು, ಸ್ಪಷ್ಟವಾಗೇ ಹೇಳಿದ್ದೀಯ” ಎಂದಳು. ಆದರೆ ಮೂಗಿನ ಸುಕ್ಕನ್ನು ಯಾವ ರಾಜತಾಂತ್ರಿಕರು ಸಾಕ್ಷಿ ಎಂದು ಒಪ್ಪುತ್ತಾರೆ?

ಮಗಳೇ, ನನ್ನನ್ನು ಸುಡುತ್ತಿರುವುದು ಆ ತುಣುಕಲ್ಲ. ನೀನು ದೇಶದ ಕೆಲಸವೆಂದು ಮಗುವಿನ ಮೊದಲ ಹುಟ್ಟುಹಬ್ಬವನ್ನು ಬಿಟ್ಟು ಹೋದೆ. ರಾತ್ರಿಗೆ ಪಟಗಳನ್ನು ಕಳಿಸುತ್ತೇನೆಂದು ನಾನು ಹೇಳಿದ್ದೆ. ಅದಕ್ಕೂ ಮೊದಲೇ, ಮಾತುಕತೆಯ ಬಿಡುವಿನಲ್ಲಿ, ಅಮೆರಿಕದ ಬದಿಯ ಆ ಮನುಷ್ಯ ತನ್ನ ಫೋನನ್ನು ಮೇಜಿನ ಮೇಲೆ ನಿನ್ನ ಕಡೆಗೆ ಜಾರಿಸಿ, “ನಿಮ್ಮ ತಾಯಿಯವರ ಕೇಕು ಬಹಳ ಚೆನ್ನಾಗಿತ್ತಂತೆ” ಎಂದನಲ್ಲ. ನಿನ್ನ ಮಗನ ಹಬ್ಬವನ್ನು ನೀನು ಮೊದಲು ನೋಡಿದ್ದು ಅವನ ಕೈಯಿಂದ. ಇದನ್ನು ನೀನು ಹೇಳಿದಾಗ ನಾನು ಫೋನನ್ನು ಕಿವಿಯಿಂದ ತೆಗೆದು ಸ್ವಲ್ಪ ಹೊತ್ತು ಎದೆಗೆ ಒತ್ತಿಕೊಂಡಿದ್ದೆ. ಸಂಪರ್ಕ ತಪ್ಪಿತೆಂದು ನೀನು ತಿಳಿದೆ. ತಪ್ಪಿರಲಿಲ್ಲ.

“ಬಾಗಿಲಿಗೆ ಬೀಗ ಹಾಕಮ್ಮಾ” ಎಂದೆಯಲ್ಲ, ಹಾಕಿದೆ. ಮೊದಲು ಕೀಲಿಕೈ ಹುಡುಕಲು ಒಂದು ಬೆಳಗು ಹೋಯಿತು. ಮಾರನೆಯ ದಿನ ಎನೋಕ್ ಎಂದಿನಂತೆ ಕಾಫಿಗೆ ಬಂದಿದ್ದಾನೆ, ಬಾಗಿಲು ತೆರೆದಿಲ್ಲ. ನಾನು ಒಳಕೋಣೆಯಲ್ಲಿ ಅಪ್ಪನನ್ನು ಮಲಗಿಸುತ್ತಾ ನಾನೂ ಕಣ್ಣು ಮುಚ್ಚಿದ್ದೆ. ಈ ಊರಿನಲ್ಲಿ ಮನುಷ್ಯರಿರುವ ಮನೆಗೆ ಬೀಗವಿದ್ದರೆ ಏನು ಅರ್ಥ? ಅವನು ಓಡಿಹೋಗಿ ಸಬ್ಬಲು ತಂದು ಅಡಿಗೆಮನೆಯ ಕಿಟಕಿಯನ್ನು ಚೌಕಟ್ಟಿನ ಸಮೇತ ಎಬ್ಬಿಸಿ, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಹಾಕಿಕೊಂಡು “ಬಿಬಿಯಾನೇ!” ಎಂದು ಅಳುತ್ತಿದ್ದ. ನಾನು ಎದ್ದು ಬಂದು ಏನೆಂದು ಕೇಳಿದೆ. “ಸತ್ತೋಗಿದ್ದೀಯ ಅಂದ್ಕೊಂಡೆ!” ಎಂದ. “ಸತ್ತಿದ್ರೆ ಬಾಗಿಲು ತೆರೆದೇ ಇರ್ತಿತ್ತಲ್ಲೋ ಮಾರಾಯ, ಬೀಗ ಹಾಕೋಕೆ ಯಾರು ಏಳ್ತಿದ್ರು?” ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವನು ಕಿಟಕಿಗೆ ಹಲಗೆ ಹೊಡೆಯುತ್ತಾ, ನನ್ನ ಮುಖ ನೋಡದೆ, “ಯಾರಿಗೆ ಹಾಕಿದ್ದು ಬೀಗ? ಅವರು ಹೋಗಿ ಎಷ್ಟು ದಿನ ಆಯ್ತು. ಈಗ ಬರೋನು ನಾನೊಬ್ನೇ” ಎಂದ. ಕೀಲಿಕೈಯನ್ನು ಮತ್ತೆ ಎಲ್ಲಿಟ್ಟೆನೋ ಗೊತ್ತಿಲ್ಲ, ಹುಡುಕಿಯೂ ಇಲ್ಲ.

ಈಗ ನೀನು ಕಳಿಸಿದ ಕಾಗದ. ನಿಮ್ಮ ತಂಡದ ವಕೀಲರು ಬರೆದದ್ದು. “ಅಪರಿಚಿತರು ನನ್ನ ಒಪ್ಪಿಗೆಯಿಲ್ಲದೆ ಮನೆಯೊಳಗೆ ನುಗ್ಗಿದರು. ಹೊರಹೋಗಿ ಎಂದರೂ ಹೋಗಲಿಲ್ಲ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು.” ಕೆಳಗೆ ನನ್ನ ಹೆಸರು, ಸಹಿಗೆ ಗೆರೆ. ಇದು ಸೋಮವಾರದೊಳಗೆ ಬರದಿದ್ದರೆ, ತಾಯಿಯೇ ಅವರನ್ನು ಸ್ವಾಗತಿಸಿರುವಾಗ ಮಗಳು ನಮ್ಮ ಪರವಾಗಿ ಕೂರುವುದು ಸರಿಯಲ್ಲವೆಂದು ನಿನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸುತ್ತಾರೆ. ನೀನು ಹೇಳಿದ ಮಾತು ಕಿವಿಯಲ್ಲೇ ಇದೆ: “ಅಮ್ಮಾ, ಅವರು ನೂರು ಸುಳ್ಳು ಹೇಳಿದ್ದಾರೆ. ನಾವು ಒಂದು ಹೇಳಿದ್ರೆ ಆಕಾಶ ಬಿದ್ದುಹೋಗತ್ತಾ?” ಹದಿನೈದು ವರ್ಷ ದುಡಿದು ಆ ಕುರ್ಚಿಯವರೆಗೆ ಹೋದವಳು ನೀನು. ಅಲ್ಲಿ ನಮ್ಮ ಭಾಷೆಯಲ್ಲಿ ಯೋಚಿಸುವವರು ಬೇರೆ ಎಷ್ಟು ಜನ ಇದ್ದಾರೆಂದು ನನಗೆ ಗೊತ್ತು. ಆಕಾಶ ಬೀಳುವುದಿಲ್ಲ ಮಗಳೇ. ಆಕಾಶಕ್ಕೆ ನಮ್ಮ ಗೊಡವೆ ಇಲ್ಲ.

ನನ್ನ ನೆನಪು ಉದ್ದ, ಅದು ನಿನಗೆ ಬೇಸರ ತರಿಸುತ್ತದೆ ಎಂದೂ ಗೊತ್ತು. ಆದರೂ ಕೇಳು. ೧೯೧೭ರಲ್ಲಿ ಡೆನ್ಮಾರ್ಕು ತನ್ನ ಬಿಸಿಲುನಾಡಿನ ದ್ವೀಪಗಳನ್ನು ಅಮೆರಿಕಕ್ಕೆ ಮಾರಿತು. ಆ ವ್ಯಾಪಾರದಲ್ಲೇ ನಮ್ಮ ದ್ವೀಪವೆಲ್ಲ ಡೆನ್ಮಾರ್ಕಿನದೆಂದು ಅಮೆರಿಕ ತಲೆಯಾಡಿಸಿತು. ಮಾರಿದ ದ್ವೀಪಗಳವರನ್ನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ. ೧೯೪೬ರಲ್ಲಿ ನಮಗೇ ಚಿನ್ನದ ಬೆಲೆ ಕಟ್ಟಿ ಬಂದರು. ಆಗಲೂ ಕೇಳಿದ್ದು ಕೋಪನ್‌ಹೇಗನ್ನನ್ನು. ಅದೇ ಕೋಪನ್‌ಹೇಗನ್ನಿನವರು ನನ್ನ ತರಗತಿಯ ಹುಡುಗಿಯರನ್ನು ಸಾಲಾಗಿ ವೈದ್ಯರ ಬಳಿ ಕಳಿಸಿ, ಮಕ್ಕಳಾಗದಂತೆ ನಮ್ಮೊಳಗೆ ಇಟ್ಟದ್ದು ಏನೆಂದು ನಮಗೆ ಹೇಳಿರಲಿಲ್ಲ, ನಮ್ಮ ತಾಯಂದಿರಿಗೂ ಹೇಳಿರಲಿಲ್ಲ. ನನ್ನ ಗೆಳತಿಯರಲ್ಲಿ ಕೆಲವರ ಮನೆಯಲ್ಲಿ ಇಂದಿಗೂ ಮಗುವಿನ ಹುಟ್ಟುಹಬ್ಬದ ಕಾಫಿಮಿಕ್ ನಡೆದಿಲ್ಲ. ಇಂದು ಅಲ್ಲಿನ ಅಂಗಡಿಗಳ ಕಿಟಕಿಯಲ್ಲಿ ನಮ್ಮ ಬಾವುಟ ಇಟ್ಟಿದ್ದಾರಂತೆ. ಸಂತೋಷ. ಬೇರೆಯವನು ಹೆಣ್ಣು ಕೇಳಲು ಬಂದಾಗ ಹೆಂಡತಿಗೆ ಸೀರೆ ತರುವ ಗಂಡಂದಿರನ್ನು ನಾನೂ ನೋಡಿದ್ದೇನೆ, ಸೀರೆ ಅನ್ನುವುದು ಎಲ್ಲ ನಾಡಿನಲ್ಲೂ ಒಂದಿರುತ್ತದೆ.

ಆದರೆ ಹಳೆಯ ಅಪ್ಪನ ಕಥೆಯಲ್ಲಿ ನಾನು ಮರೆಯಲಾರದ್ದು ಒಂದು ಕಾಗದ. ೧೯೫೩ರ ಮೇ ತಿಂಗಳು. ಕೆಲವೇ ದಿನಗಳ ಗಡುವು ಕೊಟ್ಟು, ನಾಯಿಗಾಡಿಗೆ ಏನು ಹಿಡಿಯುತ್ತದೋ ಅಷ್ಟನ್ನು ಕಟ್ಟಿಕೊಂಡು ಉತ್ತರಕ್ಕೆ ಹೋಗಿ ಎಂದರು. ಮನೆ ಕಟ್ಟಿಸಿಕೊಡುತ್ತೇವೆಂದವರು ಡೇರೆ ಕೊಟ್ಟರು; ಬೇಸಿಗೆಯೆಲ್ಲ ಮಳೆಯಲ್ಲಿ ಡೇರೆ. ಅಪ್ಪ ಅದನ್ನು ಹೇಳುವಾಗ ನಗುತ್ತಿದ್ದ. “ಗಾಳಿಗೆ ಡೇರೆ ಹಾರಿ ಹೋಯ್ತು, ನಿಮ್ಮಜ್ಜಿ ಹಿಂದೆ ಓಡಿದ್ಲು, ನಾನು ನಿಮ್ಮಜ್ಜಿ ಹಿಂದೆ ಓಡಿದೆ” ಎನ್ನುತ್ತಿದ್ದ. ಅವನು ನಗದೆ ಹೇಳುತ್ತಿದ್ದ ಭಾಗ ಬೇರೆ. ಡೆನ್ಮಾರ್ಕಿನ ಸರಕಾರ ಆಮೇಲೆ, ಇವರೆಲ್ಲ ತಮ್ಮ ಇಚ್ಛೆಯಿಂದಲೇ ಊರು ಬಿಟ್ಟರು ಎಂದು ಕಾಗದದಲ್ಲಿ ಬರೆದು ಸಾಧಿಸಿತು. ಹಾಗಲ್ಲ, ಬಲವಂತದಿಂದ ಎಬ್ಬಿಸಿದ್ದು ಎಂದು ನ್ಯಾಯಾಲಯ ಹೇಳುವ ಹೊತ್ತಿಗೆ ಶತಮಾನವೇ ಮುಗಿಯಲು ಬಂದಿತ್ತು, ಅಪ್ಪನ ಗೆಳೆಯರಲ್ಲಿ ಅರ್ಧ ಜನ ಮಣ್ಣಾಗಿದ್ದರು. “ಮನೆ ಕಿತ್ಕೊಂಡಿದ್ದು ಚಳಿಗಾಲದ ಹಾಗೆ, ತಡ್ಕೋಬಹುದು” ಎನ್ನುತ್ತಿದ್ದ ಅಪ್ಪ. “ನಾನಾಗೇ ಕೊಟ್ಟೆ ಅಂತ ಬರೆದ್ರಲ್ಲ, ಅದನ್ನ ಹೇಗೆ ತಡ್ಕೊಳ್ಳೋದು?” ನೀನು ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಇದನ್ನು ಕೇಳಿದ್ದೀಯ. ಡೀನನ ಗುಂಪು ಮಾಡಿದ್ದೂ ಅದನ್ನೇ ಅಲ್ಲವೇ? ನಾನಾಗೇ ಕೊಟ್ಟೆ ಎಂದು ಬರೆದರು.

ಇದನ್ನೆಲ್ಲ ತಿಳಿದೂ ಮೂರು ದಿನದಿಂದ ನಿನ್ನ ಕಾಗದ ನನ್ನ ಕಾಫಿ ಪಾತ್ರೆಯ ಪಕ್ಕದಲ್ಲಿದೆ. ಪೆನ್ನು ಎತ್ತಿಕೊಂಡಿದ್ದೇನೆ, ಕೆಳಗಿಟ್ಟಿದ್ದೇನೆ. ನಾನು ಬರೀ ನ್ಯಾಯದ ಮುದುಕಿಯಾಗಿದ್ದರೆ ಸುಲಭವಿತ್ತು. ನಿನ್ನ ಅಮ್ಮನೂ ಆಗಿದ್ದೇನೆ. ನೀನು ಎದ್ದು ಬಂದರೆ ಆ ಜಾಗದಲ್ಲಿ ಕೂರುವವನು ನಮ್ಮ ಕಡಲನ್ನು ನಕ್ಷೆಯಲ್ಲಿ ಮಾತ್ರ ಕಂಡವನಾಗಿರಬಹುದು. ಅದರ ಬೆಲೆಯನ್ನು ನಾಳೆ ಈ ಮಗುವೇ ತೆರಬೇಕಾಗಬಹುದು. ಅದೂ ನಿಜ. ಎರಡೂ ನಿಜಗಳ ನಡುವೆ ಕಾಫಿ ಆರಿಹೋಗುತ್ತದೆ, ಮತ್ತೆ ಕಾಯಿಸುತ್ತೇನೆ.

ಸಬೀನೆ ನಿನ್ನ ಕೆನ್ನೆಗೊಂದು ಮುತ್ತು ಎನ್ನುತ್ತಿದ್ದಾಳೆ, ಆಪರೇಷನ್ ಆದ ಮೇಲೆ ಮೊದಲು ನಿನ್ನ ಮುಖ ನೋಡಬೇಕಂತೆ. ಎನೋಕನ ಮುಖ ಆಮೇಲೆ, ಅಭ್ಯಾಸವಾದ ಮೇಲೆ. ಬಿಡುವಾದರೆ ಹೋಗಿ ನೋಡು. ನಿನಗೆ ಒಳ್ಳೆಯ ನಿದ್ದೆ ಬರಲಿ, ಎದುರು ಕೂತವರ ಕಣ್ಣು ನಿನಗಿಂತ ಮೊದಲು ಕೆಳಗಾಗಲಿ. ಅಪ್ಪ ತನ್ನ ಅಂಗೈಯಿಂದ ಈ ಪತ್ರದ ಮೂಲೆಯನ್ನು ಒದ್ದೆ ಮಾಡಿದ್ದಾನೆ, ಅದನ್ನೇ ಆಶೀರ್ವಾದ ಎಂದುಕೋ. ಹಿರಿಯರದ್ದು.

ನಿನ್ನ ಅಮ್ಮ,
ಬಿಬಿಯಾನೆ

ತಾ.ಕ.: ಎನೋಕ್ ಬಂದು ಬೂಟು ಬಿಚ್ಚದೆ ನಿಂತಿದ್ದಾನೆ, “ವಿಮಾನ ನಿನ್ನ ಪೂರ್ಣವಿರಾಮಕ್ಕೆ ಕಾಯಲ್ಲ ಕಣೇ” ಎನ್ನುತ್ತಿದ್ದಾನೆ. ಬೇಗ ಹೇಳುತ್ತೇನೆ. ವಕೀಲರ ಕಾಗದಕ್ಕೆ ಸಹಿ ಹಾಕಿಲ್ಲ. ಒಳಗೆ ಮಡಿಸಿಟ್ಟಿರುವುದು ನಾನು ಬರೆದದ್ದು. ಬಾಗಿಲು ತೆರೆದಿತ್ತು, ಅವರು ಬಂದರು, ನಾನೇ ಕಾಫಿ ಕೊಟ್ಟೆ, ಮಗುವನ್ನು ನಾನೇ ಕೊಟ್ಟೆ. ಮಗು ಯಾರೆಂದು ಹೇಳಿದೆ, ಅವನ ಮನೆಯನ್ನು ಯಾರು ಕಿತ್ತುಕೊಂಡರೆಂದು ಹೇಳಿದೆ, ಅವರ ದೇಶದ ಜೊತೆ ಸೇರಿದರೆ ಮಗು ರಾಜನ ಹಾಗೆ ಬೆಳೆಯುತ್ತದಲ್ಲವೇ ಎಂದಾಗ ಮೂಗು ಸುಕ್ಕಿಸಿ ಇಲ್ಲ ಎಂದೆ. ಅವರು ಕಾಫಿಯನ್ನು ಇಟ್ಟುಕೊಂಡು ಉಳಿದುದನ್ನು ಕತ್ತರಿಸಿದರು. ಅಷ್ಟೇ. ನಿನ್ನೆ ಸಂಜೆ, ಯಾವ ಕಾಗದ ಕಳಿಸುವುದೆಂದು ಇನ್ನೂ ತೀರ್ಮಾನವಾಗದೆಯೇ, ಮತ್ತೆ ಕಾಫಿ ಇಟ್ಟೆ. ಆ ದಿನ ಇದ್ದವರೆಲ್ಲ ಬಂದು, ಓದಿ, ಕೆಳಗೆ ಹೆಸರು ಬರೆದಿದ್ದಾರೆ. ಕ್ಯಾಮೆರಾ, ಫೋನು ಎಲ್ಲವನ್ನೂ ಬೂಟುಗಳ ಜೊತೆ ಬಾಗಿಲಲ್ಲೇ ಬಿಡಿಸಿದೆ. ಇನ್ನು ಮುಂದೆ ಈ ಮನೆಯ ಕ್ರಮ ಅದೇ. ಈ ಹಾಳೆಯನ್ನು ಆ ಮನುಷ್ಯನ ಫೋನು ಜಾರಿದ ಮೇಜಿನ ಮೇಲೆಯೇ ಅವನ ಕಡೆಗೆ ಜಾರಿಸು. ಅದರಿಂದ ಕುರ್ಚಿ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಉಳಿಯುತ್ತದೆ ಎಂದು ಸುಳ್ಳು ಹೇಳಲಾರೆ. ನಿನ್ನ ಸಹಿಗೆ ಅದರಲ್ಲಿ ಜಾಗ ಬಿಟ್ಟಿಲ್ಲ. ನೀನು ಆ ದಿನ ಇಲ್ಲಿರಲಿಲ್ಲ ಮಗಳೇ, ಕಾಣದ್ದಕ್ಕೆ ಸಾಕ್ಷಿ ಹಾಕಬಾರದು. ಅಪ್ಪನ ಎರಡನೆಯ ಹುಟ್ಟುಹಬ್ಬಕ್ಕೆ ಇರು.